ಭಂಗಾರ್ ಮತ್ತು ಬಂಗಾರ

ಮುಂಬಯಿಗೆ ಬಂದ ಹೊಸದರಲ್ಲಿ ಗಲ್ಲಿಯಲ್ಲಿ "ಭಂಗಾರ್‌ವಾಲಾ" ಎಂಬ ಕೂಗು ಕೇಳಿ, ಈ ಊರಲ್ಲಿ ಬಂಗಾರವನ್ನೂ ಗಾಡಿಯ ಮೇಲೆ ಮಾರುತ್ತಾರಾ ಎಂದು ಬೆರಗಾಗದ ಕನ್ನಡಿಗರು ಕಡಿಮೆ. ಅದು ಗುಜರಿ ಎಂದು ಆಮೇಲೆ ಗೊತ್ತಾಗುತ್ತದೆ. ಒಂದು ಮಹಾಪ್ರಾಣದ ಅಂತರ ಅಷ್ಟೆ. ಆ ಅಂತರವನ್ನು ಐಟಿಯಲ್ಲಿರುವ ನಾವು ಮರೆತಿದ್ದೇವೆ ಎಂಬುದು ನನ್ನ ತಕರಾರು. ಮೊದಲ ಆರೋಪಿ ನಾನೇ.

ಎಂ.ಟೆಕ್‌ನಲ್ಲಿ ನಾನು ಮಾಡಿದ್ದು ಕೈಬರಹದ ಕನ್ನಡ ಅಕ್ಷರಗಳನ್ನು ಗುರುತಿಸುವ ಕೆಲಸ. ಲ್ಯಾಬಿನವರು ಹಳೆಯ ಯಂತ್ರಗಳನ್ನು ಹರಾಜು ಹಾಕಿದಾಗ, ಆ ಕೆಲಸವಿದ್ದ ಡಿಸ್ಕ್ ಸಮೇತ ಒಂದು ಸನ್ ಸ್ಪಾರ್ಕ್‌ಸ್ಟೇಷನ್ 5 ಕೊಂಡುಕೊಂಡಿದ್ದೆ. 1994ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಡೊಂಬಿವಲಿಯ ಮನೆಯ ಅಟ್ಟದಲ್ಲಿ ಅದು ವರ್ಷಗಟ್ಟಲೆ ಮಲಗಿತ್ತು. ಕಳೆದ ಮಳೆಗಾಲದಲ್ಲಿ ಮಗಳು "ಪಪ್ಪಾ, ನೀನು ಮಾಡಿದ್ದನ್ನು ತೋರಿಸು" ಎಂದಾಗ ಕೆಳಗಿಳಿಸಿದೆ. ಸಿಸ್ಟಮ್ ಇದ್ದ ಡಿಸ್ಕ್ ತಿರುಗಲೇ ಇಲ್ಲ. ನನ್ನ ಕಡತಗಳಿದ್ದ ಎರಡನೆಯದು ತಿರುಗಿತು. ಇನ್ನೊಂದು ಡಿಸ್ಕಿಗೆ ನೆಟ್‌ಬಿಎಸ್‌ಡಿ ಹಾಕಿ ಅದನ್ನು ಓದೋಣ ಎಂದುಕೊಂಡೆ.

ಚಾಲೂ ಮಾಡಿದರೆ ಐಡಿಪ್ರಾಮ್ ಸರಿಯಿಲ್ಲ ಎಂಬ ದೂರು. ಆಮೇಲೆ ಸಿಡಿಯಿಂದ ಬೂಟ್ ಆಗಲಿಲ್ಲ. ಸಿಡಿ ಬದಲಿಸಿದೆ, ಕೇಬಲ್ ಬದಲಿಸಿದೆ, ಮೂರು ಭಾನುವಾರ ಕಳೆದೆ. ಲ್ಯಾಮಿಂಗ್ಟನ್ ರೋಡಿನ ಅಂಗಡಿಯವನು ನೋಡದೆಯೇ "ಭಂಗಾರ್ ಮೇ ಡಾಲೋ ಸಾಬ್" ಎಂದ.

ನಿಜವಾಗಿ ಆಗಿದ್ದು ಇಷ್ಟು. ಯಂತ್ರದ ನೆಟ್‌ವರ್ಕ್ ವಿಳಾಸ, ಹೋಸ್ಟ್ ಸಂಖ್ಯೆ, ಗಡಿಯಾರ ಎಲ್ಲವೂ ಒಂದೇ ಚಿಪ್ಪಿನಲ್ಲಿರುತ್ತವೆ. ಅದರ ಬ್ಯಾಟರಿ ಚಿಪ್ಪಿನೊಳಗೇ ಹೂತಿರುತ್ತದೆ. ಬ್ಯಾಟರಿ ತೀರಿದರೆ ಯಂತ್ರಕ್ಕೆ ತಾನು ಯಾರೆಂಬುದೇ ಮರೆತುಹೋಗುತ್ತದೆ. ಚಿಪ್ಪಿನ ತಲೆ ಕೆರೆದು ಮೂರು ವೋಲ್ಟಿನ ನಾಣ್ಯದ ಬ್ಯಾಟರಿ ಬೆಸೆದು, ಆ ಸಂಖ್ಯೆಗಳನ್ನು ಮತ್ತೆ ಟೈಪ್ ಮಾಡಿದರೆ ಸಾಕು. ಇನ್ನು ಸಿಡಿ: ಈ ಯಂತ್ರ ಕೇಳುವುದು 512 ಬೈಟಿನ ತುಂಡುಗಳನ್ನು, ಸಾಮಾನ್ಯ ಡ್ರೈವ್ ಕೊಡುವುದು 2048 ಬೈಟಿನದನ್ನು. ಕೆಲವು ಹಳೆಯ ಡ್ರೈವ್‌ಗಳ ಹಿಂದೆ ಇದಕ್ಕೆಂದೇ ಒಂದು ಜಂಪರ್ ಇರುತ್ತದೆ. ಅಂಥ ಡ್ರೈವ್ ಹುಡುಕಿ ಜಂಪರ್ ಹಾಕಿದೆ, ಬೂಟ್ ಆಯಿತು.

ಅಂದರೆ ಯಂತ್ರ ಸತ್ತಿರಲಿಲ್ಲ. ಕಾಣೆಯಾಗಿದ್ದು ಅದರ ಬಗೆಗಿನ ತಿಳಿವಳಿಕೆ. ಎರಡು ಸಾಲಿನ ಟಿಪ್ಪಣಿ ಪೆಟ್ಟಿಗೆಯ ಮೇಲೆ ಅಂಟಿಸಿದ್ದರೆ ಮೂರು ಭಾನುವಾರ ಉಳಿಯುತ್ತಿದ್ದವು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಟಿಫ್ರಾಕ್ ಎಂಬ ಕಂಪ್ಯೂಟರನ್ನೇ ಕಟ್ಟಿ 1960ರಲ್ಲಿ ಚಾಲೂ ಮಾಡಿದ ಊರು ಇದು. ಇದೇ ಊರಲ್ಲಿ ಕೂತು ನಾವು ಬ್ಯಾಟರಿ ಬದಲಿಸುವ ಬದಲು 'ಲೆಗಸಿ' ಎಂದು ಹಣೆಪಟ್ಟಿ ಹಚ್ಚುತ್ತೇವೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿನ ಬೆಲೆ ವರ್ಷಕ್ಕೆ ಶೇ. 40ರಂತೆ ಕರಗುತ್ತದೆ, ಅದರೊಳಗಿನ ಕೆಲಸವೂ ಹಾಗೇ ಕರಗಲಿ ಎಂದು ಯಾರೂ ಹೇಳಿಲ್ಲ. ಆದರೂ ಗುಜರಿ ಫಾರ್ಮಿಗೆ ನಾನು ಎಷ್ಟೋ ಸಲ ಓದದೆ ಸಹಿ ಹಾಕಿದ್ದೇನೆ.

"ಒಂದು ಬಿಎಚ್‌ಕೆಯಲ್ಲಿ ಮ್ಯೂಸಿಯಂ ಮಾಡಲಿಕ್ಕಾಗುತ್ತದಾ?" ಎಂದು ನೀವು ಕೇಳಬಹುದು. ಪೆಟ್ಟಿಗೆ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು, ಒಳ್ಳೆಯದೇ. ಆದರೆ ರಿಪೇರಿ ಬರೀ ಹಕ್ಕಲ್ಲ, ಎಸೆಯುವವನ ಕರ್ತವ್ಯ ಕೂಡ. ಎಸೆಯುವ ಮುನ್ನ ಒಳಗೇನಿದೆ, ಅದನ್ನು ತೆರೆಯುವುದು ಹೇಗೆ ಎಂದು ಬರೆದಿಡಬೇಕು.

ನನಗೆ ಅದು ಅರಿವಾಗಿದ್ದು ಕೊನೆಗೆ. ಡಿಸ್ಕ್ ತೆರೆಯಿತು, ಅಕ್ಷರಗಳ ಚಿತ್ರಗಳೆಲ್ಲ ಹಾಗೇ ಇದ್ದವು. ಪ್ರಬಂಧದ ಕನ್ನಡ ಸಾರಾಂಶ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕನ್ನಡ 1991ರಲ್ಲೇ ಯೂನಿಕೋಡಿಗೆ ಸೇರಿತ್ತು, ನಾನು ಮಾತ್ರ ಯಾವುದೋ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ, ಅದರ ಹೆಸರನ್ನೂ ಬರೆದಿಟ್ಟಿರಲಿಲ್ಲ. ಕನ್ನಡ ಅಕ್ಷರ ಗುರುತಿಸಲು ಯಂತ್ರಕ್ಕೆ ಕಲಿಸ ಹೊರಟವನಿಗೆ ತಾನೇ ಬರೆದ ಕನ್ನಡ ಓದಲಾಗಲಿಲ್ಲ. ಮಗಳು ಪಕ್ಕದಲ್ಲೇ ಕೂತಿದ್ದಳು. "ಇದು ಯಾವ ಭಾಷೆ ಪಪ್ಪಾ?" ಎಂದಳು.

ನಿಮ್ಮಲ್ಲೂ ಇಂಥವು ಇವೆ: ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಾದ ಕಥೆಗಳು, ಸಂಘದ ಸ್ಮರಣ ಸಂಚಿಕೆಗಳು, ಅಪ್ಪನ ನೆನಪುಗಳು. ಈ ಭಾನುವಾರ ತೆರೆಯಿರಿ. ಫಾಂಟಿನ ಹೆಸರು ಬರೆದಿಡಿ, ಯೂನಿಕೋಡಿಗೆ ಬದಲಿಸಿ, ಎರಡು ಕಡೆ ಪ್ರತಿ ಇಡಿ. ಆಮೇಲೆ ಪೆಟ್ಟಿಗೆಯನ್ನು ಧಾರಾಳವಾಗಿ ಗಾಡಿಗೆ ಹಾಕಿ. ನನ್ನ ಮಟ್ಟಿಗೆ, ಒಂದು ಪುಟದ ಟಿಪ್ಪಣಿ ಜೊತೆಗಿಲ್ಲದ ಗುಜರಿ ಫಾರ್ಮಿಗೆ ಇನ್ನು ಸಹಿ ಹಾಕುವುದಿಲ್ಲ.