ಸೈಕಲ್ಲಿಗೆ ಎಂಜಿನ್ ಕಟ್ಟಿದ ಕಥೆ, ಒಂದು ನಟ್ಟಿನ ವ್ಯಥೆ

ಈ ಕಡೆ ತಲೆ ಹಾಕಿ ಬಹಳ ದಿನಗಳಾಯಿತು. ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ಸುಳ್ಳು ಹೇಳೋದಿಲ್ಲ, ಬರೀ ಸೋಮಾರಿತನ :) ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿ, "ಲೋ, ನಿಮ್ಮಪ್ಪನ ಸೈಕಲ್ಲಿಗೆ ಪೆಟ್ರೋಲ್ ಎಂಜಿನ್ ಹಾಕಿಸಿದ್ಯಲ್ಲ, ಎಷ್ಟು ವರ್ಷ ಬಾಳಿಕೆ ಬರುತ್ತೋ? ನಮ್ಮ ಮಾವನಿಗೂ ಒಂದು ತರಿಸೋಣ ಅಂತಿದೀನಿ" ಅಂದ. ಉತ್ತರ ಹೇಳೋಕೆ ಹೋಗಿ ಅರ್ಧ ಗಂಟೆ ಕೊರೆದೆ. ಆ ಕಡೆಯಿಂದ ಬರೀ "ಹೂಂ... ಹೂಂ..." ಕೇಳಿಸುತ್ತಿತ್ತು. ಅವನಿಗೆ ಏನೂ ಅರ್ಥವಾಗಲಿಲ್ಲ ಅನ್ನೋದು ಗ್ಯಾರಂಟಿ. ಅದಕ್ಕೇ ಇಲ್ಲಿ ಬರೆದು ಹಾಕುತ್ತಿದ್ದೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಲಿಂಕ್ ಕಳಿಸಿ ಕೈ ತೊಳೆದುಕೊಳ್ಳಬಹುದು.

ನಮ್ಮದು ತಿಪಟೂರಿನ ಹತ್ತಿರದ ಒಂದು ಹಳ್ಳಿ. ಅಪ್ಪ ರಿಟೈರ್ ಆದ ಪ್ರೈಮರಿ ಸ್ಕೂಲ್ ಮೇಷ್ಟ್ರು. ಮನೆಯಿಂದ ತೆಂಗಿನ ತೋಟಕ್ಕೆ ನಾಲ್ಕು ಕಿಲೋಮೀಟರ್. ನನಗೆ ಬುದ್ಧಿ ಬಂದಾಗಿನಿಂದ ಅದೇ ಕರಿ ಸೈಕಲ್, ಅದೇ ದಾರಿ. ಎರಡು ವರ್ಷದ ಹಿಂದೆ ಮಂಡಿ ನೋವು ಶುರುವಾಯಿತು. ಏರು ದಾರೀಲಿ ತುಳಿಯಬೇಡಿ ಅಂದರು ಡಾಕ್ಟರು. ಸ್ಕೂಟರ್ ಕೊಡಿಸ್ತೀನಿ ಅಂದರೆ ಅಪ್ಪನಿಗೆ ಬೇಡ. "ಇದಕ್ಕೇ ಒಂದು ಮೋಟ್ರು ಕೂರಿಸೋಕ್ಕಾಗಲ್ವೇನೋ? ನೀನು ಮೆಕ್ಯಾನಿಕಲ್ ಓದಿದೋನಲ್ವಾ?" ಅಂದುಬಿಟ್ಟರು. ನಾಲ್ಕು ವರ್ಷ ಮೆಕ್ಯಾನಿಕಲ್ ಓದಿ ಈಗ ಕೋಡು ಕುಟ್ಟಿಕೊಂಡು ಕೂತಿರುವ ನನ್ನಂಥವನಿಗೆ ಈ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

ಆನ್‌ಲೈನಿನಲ್ಲಿ ಹುಡುಕಿದರೆ ಕಿಟ್ ಸಿಗುತ್ತದೆ. ಒಂದು ಡಬ್ಬದಲ್ಲಿ ಪುಟ್ಟ ಟೂ ಸ್ಟ್ರೋಕ್ ಎಂಜಿನ್, ಕಾರ್ಬೊರೇಟರ್, ಟ್ಯಾಂಕು, ಸೈಲೆನ್ಸರು, ಕ್ಲಚ್ ಲಿವರು, ಹಿಂದಿನ ಚಕ್ರಕ್ಕೆ ಹಾಕೋ ದೊಡ್ಡ ಸ್ಪ್ರಾಕೆಟ್ಟು, ಉದ್ದದ ಚೈನು. ಡಬ್ಬದ ಮೇಲೆ 80 ಸಿಸಿ ಅಂತ ಬರೆದಿತ್ತು. ಬೋರು 47 ಮಿಲಿಮೀಟರ್, ಸ್ಟ್ರೋಕು 38 ಮಿಲಿಮೀಟರ್. ಗುಣಿಸಿ ನೋಡಿ, ಬರೋದು 66 ಸಿಸಿ! ಮೊದಲ ಸುಳ್ಳು ಡಬ್ಬದ ಮೇಲೇ ಇತ್ತು. ನಾನು ನಕ್ಕು ಸುಮ್ಮನಾದೆ.

ಹಬ್ಬದ ರಜದಲ್ಲಿ ಊರಿಗೆ ಹೋಗಿ, ಸೈಕಲ್ ಶಾಪಿನ ಸಾಬ್ರ ಜೊತೆ ಕೂತು ಎರಡು ದಿನದಲ್ಲಿ ಕೂರಿಸಿದೆ. ಹಿಂದಿನ ಚಕ್ರಕ್ಕೆ ಬಂದಾಗ ಸಾಬ್ರು ಕೈ ನಿಲ್ಲಿಸಿ, "ನೋಡಪ್ಪಾ, ಇದು ಕಡ್ಡಿ ಲೆಕ್ಕಕ್ಕೆ ಕೂರ್ತಿಲ್ಲ" ಅಂದರು. ನಿಜ. ಕಿಟ್ಟಿನ ಸ್ಪ್ರಾಕೆಟ್ಟನ್ನು ಹಬ್ಬಿಗೆ ಕೂರಿಸುವುದಿಲ್ಲ. ಎರಡು ರಬ್ಬರ್ ಬಿಲ್ಲೆಗಳ ನಡುವೆ ಸ್ಪೋಕ್ಸ್ ಕಡ್ಡಿಗಳನ್ನೇ ಅಮುಕಿ ಒಂಬತ್ತು ಬೋಲ್ಟ್ ಬಿಗಿಯುತ್ತಾರೆ. ಒಂಬತ್ತು ಬೋಲ್ಟು, ಬೋಲ್ಟಿಗೆ ನಾಲ್ಕು ಕಡ್ಡಿಯಂತೆ 36 ಕಡ್ಡಿಯ ಚಕ್ರಕ್ಕೆ ಸರಿಯಾಗಿ ಕೂರುತ್ತದೆ. ನಮ್ಮ ಕರಿ ಸೈಕಲ್ಲುಗಳ ಹಿಂದಿನ ಚಕ್ರಕ್ಕೆ ಇರೋದು 40! ಹೇಗೋ ಅಡ್ಜಸ್ಟ್ ಮಾಡಿ ಬಿಗಿದೆವು. "ಅಡ್ಜಸ್ಟ್ ಮಾಡಿ" ಅನ್ನೋ ಪದವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಸ್ಟಾರ್ಟ್ ಆದ ಗಳಿಗೆ ಮಾತ್ರ ಮರೆಯೋ ಹಾಗಿಲ್ಲ. ಅಪ್ಪ ನಾಲ್ಕು ಸಾರಿ ಪೆಡಲ್ ತುಳಿದು ಕ್ಲಚ್ ಬಿಟ್ಟರು, ಎಂಜಿನ್ ಡರ್ರ್ ಅಂತು, ಬೀದಿ ಮಕ್ಕಳೆಲ್ಲ ಹಿಂದೆ ಓಡಿದರು. ನೀಲಿ ಹೊಗೆ ಬಿಟ್ಟುಕೊಂಡು ತಿರುವಿನಲ್ಲಿ ಮಾಯವಾದ ಅಪ್ಪನ ಬೆನ್ನು ನೋಡಿ, ನನ್ನ ಡಿಗ್ರಿ ಸಾರ್ಥಕವಾಯಿತು ಅಂತ ಅವತ್ತು ಅನ್ನಿಸಿದ್ದು ಸುಳ್ಳಲ್ಲ.

ದಿನಕ್ಕೆ ಎಂಟು ಕಿಲೋಮೀಟರ್, ಅಂದರೆ ತಿಂಗಳಿಗೆ ಹತ್ತಿರ ಹತ್ತಿರ ಇನ್ನೂರು. ಆಮೇಲೆ ನಡೆದದ್ದು ಇಷ್ಟು. ಎರಡನೇ ವಾರ ಸೈಲೆನ್ಸರಿನ ನಟ್ಟು ಬಿದ್ದುಹೋಯಿತು. ಎರಡನೇ ತಿಂಗಳು ಎಂಜಿನ್ನನ್ನು ಫ್ರೇಮಿಗೆ ಹಿಡಿದಿಟ್ಟ ಆರು ಮಿಲಿಮೀಟರಿನ ಸ್ಟಡ್ಡು ಕಟ್ ಆಯಿತು. ಮೂರನೇ ತಿಂಗಳು ಸ್ಪ್ರಾಕೆಟ್ಟು ಓಲಾಡಲು ಶುರುವಾಗಿ ಚೈನು ಕಳಚಿಕೊಂಡಿತು, ನಾಲ್ಕು ಕಡ್ಡಿ ಮುರಿದವು. ಪ್ರತಿ ಸಾರಿಯೂ ಸಾಬ್ರು ರಿಪೇರಿ ಮಾಡಿದರು, ನಾನು ಫೋನಿನಲ್ಲಿ ಸಲಹೆ ಕೊಟ್ಟೆ. ಇಷ್ಟರಲ್ಲಿ ಎಂಜಿನ್ನಿಗೆ ಏನಾಯಿತು ಅಂತ ಕೇಳ್ತೀರಾ? ಏನೂ ಇಲ್ಲ! ಒಂದು ಸಾರಿ ಪ್ಲಗ್ ಕ್ಲೀನ್ ಮಾಡಿದ್ದು ಬಿಟ್ಟರೆ ಕೊನೆಯವರೆಗೂ ಸೊಗಸಾಗಿ ಓಡಿತು.

ನನ್ನ ಗೆಳೆಯನ ಪ್ರಶ್ನೆಯಲ್ಲಿರುವ ತಪ್ಪು ಇದೇ. ಎಂಜಿನ್ ಎಷ್ಟು ವರ್ಷ ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಎಂಜಿನ್ನೂ ಸೈಕಲ್ಲೂ ಕೂಡುವ ಜಾಗ ಎಷ್ಟು ದಿನ ಬರುತ್ತೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕೆಂದರೆ ಯೂನಿಟ್ ಟೆಸ್ಟ್ ಎಲ್ಲಾ ಪಾಸು, ಇಂಟಿಗ್ರೇಷನ್‌ನಲ್ಲಿ ಡುಮ್ಕಿ.

ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. ಇಂಥ ಎಂಜಿನ್ ಸುಮಾರು 18 ಸುತ್ತು ಸುತ್ತಿದರೆ ಹಿಂದಿನ ಚಕ್ರ ಒಂದು ಸುತ್ತು ಸುತ್ತುತ್ತದೆ. ಮನೆಯಿಂದ ತೋಟ ಮುಟ್ಟುವಷ್ಟರಲ್ಲಿ ಪಿಸ್ಟನ್ ಮೂವತ್ತು ಸಾವಿರಕ್ಕೂ ಹೆಚ್ಚು ಸಾರಿ ಮೇಲೆ ಕೆಳಗೆ ಹೋಗಿರುತ್ತದೆ. ಒಂದೇ ಪಿಸ್ಟನ್ನಿನ ಎಂಜಿನ್ನನ್ನು ಪೂರ್ತಿ ಬ್ಯಾಲೆನ್ಸ್ ಮಾಡಲು ಬರುವುದಿಲ್ಲ. ಕ್ರ್ಯಾಂಕಿಗೆ ಎದುರು ತೂಕ ಕೊಟ್ಟು ಮೇಲೆ ಕೆಳಗಿನ ಹೊಡೆತ ಕಡಿಮೆ ಮಾಡಿದರೆ ಅಡ್ಡ ಹೊಡೆತ ಜಾಸ್ತಿಯಾಗುತ್ತದೆ. ಮೋಪೆಡ್ಡಿನಲ್ಲಾದರೆ ನಡುವೆ ರಬ್ಬರ್ ಬುಷ್ ಕೊಟ್ಟು ಆ ನಡುಕವನ್ನು ನುಂಗಿಸುತ್ತಾರೆ. ನಮ್ಮ ಕಿಟ್ಟಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಿಗಿದದ್ದು. ನಡುಕವೆಲ್ಲ ನೆಟ್ಟಗೆ ನಟ್ಟಿಗೇ.

ಇನ್ನು ಸೈಕಲ್ಲಿನ ಕಡೆ ಬನ್ನಿ. ಮಾಮೂಲಿ ಮನುಷ್ಯ ಆರಾಮಾಗಿ ತುಳಿದರೆ ಹುಟ್ಟೋದು ಸುಮಾರು ನೂರು ವ್ಯಾಟ್ ಶಕ್ತಿ. ಈ ಎಂಜಿನ್ ಎರಡು ಹಾರ್ಸ್‌ಪವರ್ ಅಂತಿಟ್ಟುಕೊಂಡರೂ ಸಾವಿರದ ಐನೂರು ವ್ಯಾಟ್ ಆಯಿತು. ವೇಗ 15ರಿಂದ 30ಕ್ಕೆ ಹೋದರೆ ಬ್ರೇಕು ಹಿಡಿದು ನಿಲ್ಲಿಸಬೇಕಾದ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು. ಅದೇ ಹಳೇ ಸರಳಿನ ಬ್ರೇಕು, ಅದೇ ನುಣ್ಣನೆ ಸ್ಟೀಲ್ ರಿಮ್ಮು. ಮಳೆಯಲ್ಲಿ ಆ ಬ್ರೇಕಿನ ಯೋಗ್ಯತೆ ಹಳ್ಳಿಯಲ್ಲಿ ಸೈಕಲ್ ಹೊಡೆದವರಿಗೆಲ್ಲ ಗೊತ್ತು.

ಎಂಜಿನ್ನನ್ನೇ ಕಸುಬು ಮಾಡಿಕೊಂಡವರಿಗೂ ಇದು ಅನುಭವದಿಂದಲೇ ಗೊತ್ತಾಗಿರಬೇಕು. 1946ರಲ್ಲಿ ಜಪಾನಿನ ಹಮಾಮತ್ಸುವಿನಲ್ಲಿ ಸೊಯಿಚಿರೋ ಹೋಂಡಾ ಮಾಡಿದ್ದೂ ನಾನು ಮಾಡಿದ ಕೆಲಸವನ್ನೇ. ಸೇನೆಯ ವೈರ್‌ಲೆಸ್ ಸೆಟ್ಟುಗಳಿಗೆ ಕರೆಂಟು ಕೊಡಲು ತಯಾರಾಗಿ, ಯುದ್ಧ ಮುಗಿದ ಮೇಲೆ ಮೂಲೆಗೆ ಬಿದ್ದಿದ್ದ ಪುಟ್ಟ ಎಂಜಿನ್ನುಗಳನ್ನು ಸೈಕಲ್ಲಿಗೆ ಕಟ್ಟಿ ಮಾರಿದ. ಮರುವರ್ಷ ಸ್ವಂತ ಎಂಜಿನ್ ಮಾಡಿದ. 1952ರಲ್ಲಿ ಕಬ್ ಅನ್ನೋ ಹೆಸರಿನಲ್ಲಿ ಹಿಂದಿನ ಚಕ್ರದ ಪಕ್ಕಕ್ಕೆ ಕಟ್ಟುವ ಎಂಜಿನ್ ತಂದ. ಆದರೆ ಆ ಕಂಪನಿಯನ್ನು ಎತ್ತಿ ನಿಲ್ಲಿಸಿದ್ದು 1958ರ ಸೂಪರ್ ಕಬ್. ಅಷ್ಟು ಹೊತ್ತಿಗೆ ಸೈಕಲ್ಲನ್ನೇ ಬಿಟ್ಟಾಗಿತ್ತು. ಫ್ರೇಮು, ಚಕ್ರ, ಬ್ರೇಕು, ಎಂಜಿನ್ನು ಎಲ್ಲಾ ಒಟ್ಟಿಗೆ ಕೂತು ಯೋಚನೆ ಮಾಡಿದ್ದು. 2017ರ ಹೊತ್ತಿಗೆ ಆ ಸರಣಿಯ ಗಾಡಿಗಳು ಹತ್ತು ಕೋಟಿ ತಯಾರಾಗಿದ್ದವು.

ಫ್ರಾನ್ಸಿನ ವೆಲೊಸೊಲೆಕ್ಸ್ ಇನ್ನೊಂದು ದಾರಿ ಹಿಡಿಯಿತು. 1946ರಿಂದ 1988ರವರೆಗೆ ಅಲ್ಲಿ ತಯಾರಾದ ಆ ಗಾಡಿ ನೋಡಲು ಸೈಕಲ್ಲೇ. ಮುಂದಿನ ಚಕ್ರದ ಮೇಲೆ ಎಂಜಿನ್ನು, ಅದರ ರೋಲರ್ ಟೈರನ್ನು ಉಜ್ಜಿ ಓಡಿಸುತ್ತದೆ. ಎಂಜಿನ್ನಿನಿಂದ ಚಕ್ರಕ್ಕೆ ಚೈನಿಲ್ಲ, ಕಡ್ಡಿಗೆ ಬಿಗಿದ ಸ್ಪ್ರಾಕೆಟ್ಟಿಲ್ಲ. ಮೇಲಾಗಿ ಫ್ರೇಮು ಆ ಎಂಜಿನ್ನಿಗೆಂದೇ ಮಾಡಿದ್ದು.

ನಮ್ಮಲ್ಲೂ ಅಷ್ಟೇ ಅಲ್ಲವೇ? 1972ರಲ್ಲಿ ಪುಣೆಯ ಕೈನೆಟಿಕ್‌ನವರು ಲೂನಾ ತಂದರು. 1980ರಲ್ಲಿ ನಮ್ಮ ಪಕ್ಕದ ಹೊಸೂರಿನಿಂದ ಟಿವಿಎಸ್ 50 ಬಂತು. ಎರಡಕ್ಕೂ ಪೆಡಲ್ ಇತ್ತು, ನೋಡಲು ಸೈಕಲ್ಲಿನ ತಮ್ಮಂದಿರ ಹಾಗೇ ಇದ್ದವು. ಆದರೆ ಒಳಗೆ ಡ್ರಮ್ ಬ್ರೇಕು, ದಪ್ಪ ಕಡ್ಡಿ, ದಪ್ಪ ಟೈರು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹೆಂಡತಿ, ಎರಡು ಮಕ್ಕಳು ಎಲ್ಲಾ ಹೊತ್ತು ಓಡಿದ ಆ ಗಾಡಿಗಳ ಎಂಜಿನ್ 50 ಸಿಸಿ ಆಸುಪಾಸಿನದು, ನನ್ನ ಕಿಟ್ಟಿನದಕ್ಕಿಂತ ಚಿಕ್ಕದು!

"ಹಾಗಲ್ಲ ಮಾರಾಯ, ಅಮೆರಿಕದಲ್ಲಿ ಇದೇ ಕಿಟ್ ಹಾಕಿಕೊಂಡು ಸಾವಿರಾರು ಮೈಲಿ ಓಡಿಸಿದೋರು ಇದಾರೆ" ಅಂತ ನೀವು ಹೇಳಬಹುದು. ಇದ್ದಾರೆ, ನಾನೂ ವಿಡಿಯೋ ನೋಡಿದ್ದೇನೆ, ನಂಬುತ್ತೇನೆ ಕೂಡ. ಅವರು ಏನು ಮಾಡುತ್ತಾರೆ ನೋಡಿ. ಕಿಟ್ಟಿನ ಸ್ಟಡ್ಡುಗಳನ್ನು ಎಸೆದು ಹೈ ಟೆನ್ಸೈಲ್ ಸ್ಟಡ್ ಹಾಕುತ್ತಾರೆ. ಪ್ರತಿ ನಟ್ಟಿಗೂ ಸಡಿಲವಾಗದ ಅಂಟು ಹಚ್ಚುತ್ತಾರೆ. ಸ್ಪ್ರಾಕೆಟ್ಟನ್ನು ಕಡ್ಡಿಯಿಂದ ಬಿಡಿಸಿ ಹಬ್ಬಿಗೇ ಕೂರಿಸುತ್ತಾರೆ. ಡಿಸ್ಕ್ ಬ್ರೇಕ್ ಹಾಕುತ್ತಾರೆ. ಲೀಟರಿಗೆ 40 ಎಂಎಲ್ಲೋ 50 ಎಂಎಲ್ಲೋ ಅಂತ ಅಳೆದು ಆಯಿಲ್ ಬೆರೆಸುತ್ತಾರೆ. ಹೊರಡುವ ಮುಂಚೆ ದಿನಾ ಸ್ಪ್ಯಾನರ್ ಹಿಡಿದು ಒಂದು ಪ್ರದಕ್ಷಿಣೆ ಹಾಕುತ್ತಾರೆ. ಇಷ್ಟೆಲ್ಲ ಮಾಡುವುದು ಅವರಿಗೆ ಖುಷಿ. ಅಂಥವರ ಕೈಯಲ್ಲಿ ಗಾಡಿ ಬಾಳುತ್ತದೆ. ಬಾಳಿಸಿದ್ದು ಎಂಜಿನ್ನಲ್ಲ, ಆ ಸ್ಪ್ಯಾನರ್.

ನಾನೂ ಅಪ್ಪನಿಗೆ ಸ್ಪ್ಯಾನರ್ ಕೊಟ್ಟಿದ್ದೆ. ವಾರಕ್ಕೊಮ್ಮೆ ಬಿಗಿಯಬೇಕಾದ ಹನ್ನೊಂದು ಜಾಗಗಳನ್ನು ಪೇಪರಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಅಪ್ಪ ಮೇಷ್ಟ್ರಲ್ಲವೇ, ಹಾಜರಿ ಪುಸ್ತಕದ ಹಾಗೆ ಪ್ರತಿ ಭಾನುವಾರ ಟಿಕ್ ಹಾಕುತ್ತಿದ್ದರು.

ಐದನೇ ತಿಂಗಳು ಅಮ್ಮನ ಫೋನ್ ಬಂತು. ಚೈನನ್ನು ಬಿಗಿಯಾಗಿಡುವ ಒಂದು ಪುಟ್ಟ ಚಕ್ರವಿರುತ್ತದೆ, ಹಿಂದಿನ ಫ್ರೇಮಿಗೆ ಕ್ಲ್ಯಾಂಪ್ ಮಾಡಿದ್ದು. ಅದರ ನಟ್ಟು ಸಡಿಲವಾಗಿ, ಕ್ಲ್ಯಾಂಪ್ ತಿರುಗಿ, ಸೀದಾ ಕಡ್ಡಿಗಳ ಒಳಗೆ ನುಗ್ಗಿತ್ತು. ಹಿಂದಿನ ಚಕ್ರ ಗಕ್ಕನೆ ಹಿಡಿದುಕೊಂಡಿತು. ಪುಣ್ಯಕ್ಕೆ ತೋಟದ ಮಣ್ಣು ದಾರಿ, ವೇಗವೂ ಕಡಿಮೆ. ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್. ಇದೇ ಟಾರ್ ರೋಡಿನಲ್ಲಿ, ಹಿಂದೆ ಒಂದು ಲಾರಿ ಇದ್ದಿದ್ದರೆ... ಬಿಡಿ, ಆ ವಾಕ್ಯ ಮುಗಿಸುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ರಾತ್ರಿ ಬಸ್ ಹತ್ತಿ ಊರಿಗೆ ಹೋದೆ. ಅಪ್ಪ ನನ್ನನ್ನು ಬೈಯ್ಯಲಿಲ್ಲ. ಪ್ಲಾಸ್ಟರಿನ ಕೈ ತೊಡೆ ಮೇಲಿಟ್ಟುಕೊಂಡು, "ಹೋದ ಭಾನುವಾರ ಬಿಗಿಯೋದು ಮರೆತೆ ಕಣೋ. ಮದುವೆ ಮನೆಗೆ ಹೋಗಿದ್ದೆ. ನನ್ದೇ ತಪ್ಪು" ಅಂದರು.

ನಾನು ಈ ಪೋಸ್ಟ್ ಬರೆಯುತ್ತಿರುವುದೇ ಆ ಒಂದು ಮಾತಿಗೋಸ್ಕರ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ, ಒಂದು ಭಾನುವಾರ ಒಂದು ನಟ್ಟು ಬಿಗಿಯಲಿಲ್ಲ ಅಂತ ತಪ್ಪಿತಸ್ಥನ ಹಾಗೆ ತಲೆ ತಗ್ಗಿಸಿ ಕೂತಿದ್ದರು. ತಪ್ಪು ಅವರದ್ದಲ್ಲ. ಮನುಷ್ಯ ಅಂದ ಮೇಲೆ ಮರೆಯುತ್ತಾನೆ. ಒಂದು ವಾರ ಮರೆತರೂ ಕೈ ಬಿಡದ ಗಾಡಿಗೆ ನಂಬಿಕಸ್ಥ ಗಾಡಿ ಅನ್ನುತ್ತಾರೆ. ಒಂದು ವಾರ ಮರೆತಿದ್ದಕ್ಕೆ ಕೈ ಮುರಿಯುವ ಗಾಡಿಯ ಎಂಜಿನ್ ಹತ್ತು ವರ್ಷ ಬಾಳಿದರೆ ಯಾರಿಗೆ ಬೇಕು? ತಪ್ಪು ನನ್ನದು. ಸಾಬ್ರು "ಲೆಕ್ಕಕ್ಕೆ ಕೂರ್ತಿಲ್ಲ" ಅಂದಾಗ "ಅಡ್ಜಸ್ಟ್ ಮಾಡಿ" ಅಂದವನು ನಾನೇ ತಾನೇ?

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಚಕ್ರದ ಗಾಡಿಯ ಎಂಜಿನ್ 25 ಸಿಸಿ ಮೀರದಿದ್ದರೆ ಮಾತ್ರ ಅದು ಮೋಟಾರು ವಾಹನವಲ್ಲ. 66 ಸಿಸಿ ಕಟ್ಟಿದ ಕೂಡಲೇ ಅಪ್ಪನ ಸೈಕಲ್ಲು ರಿಜಿಸ್ಟ್ರೇಷನ್, ಲೈಸೆನ್ಸು, ಇನ್ಶೂರೆನ್ಸ್ ಎಲ್ಲಾ ಬೇಕಾದ ಗಾಡಿಯಾಯಿತು. ಇದನ್ನು ನಾನು ಓದಿದ್ದು ಅಪ್ಪ ಬಿದ್ದ ಮೇಲೆ. ಬೇರೆ ಯಾರಿಗಾದರೂ ಗುದ್ದಿದ್ದರೆ ಏನು ಗತಿ ಅಂತ ಆಮೇಲೆ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾದರೆ ಕಿಟ್ ಯಾರಿಗೂ ಬೇಡವೇ? ಹವ್ಯಾಸಕ್ಕೆ ತಗೊಳ್ಳಿ. ಬಿಚ್ಚಿ ಜೋಡಿಸಿ ನೋಡಿ, ಕಾಲೇಜಿನ ನಾಲ್ಕು ವರ್ಷದಲ್ಲಿ ಕಲಿಯದ್ದನ್ನು ನಾನು ಆ ಎರಡು ದಿನದಲ್ಲಿ ಕಲಿತೆ. ಆದರೆ ದಿನಾ ಅದರ ಮೇಲೆ ಕೂತು ಹೋಗಿ ಬರಬೇಕಾದವರಿಗೆ, ಅದರಲ್ಲೂ ವಯಸ್ಸಾದವರಿಗೆ, ದಯವಿಟ್ಟು ಬೇಡ.

ಎಂಜಿನ್ ಈಗ ನಮ್ಮನೆ ಅಟ್ಟದ ಮೇಲಿದೆ. ಕಿಕ್ ಕೊಟ್ಟರೆ ಈಗಲೂ ಸ್ಟಾರ್ಟ್ ಆಗುತ್ತೆ ಅನ್ನೋಣ ಅಂದರೆ ಅದಕ್ಕೆ ಕಿಕ್ಕರ್ರೇ ಇಲ್ಲ :) ಅಪ್ಪನ ಲೈಸೆನ್ಸ್ ಅವಧಿ ಮುಗಿದು ಎಷ್ಟೋ ವರ್ಷವಾಗಿತ್ತು, ಮತ್ತೆ ಟೆಸ್ಟ್ ಕೊಡಿಸಿ ಮಾಡಿಸಿದೆ. ಸೆಕೆಂಡ್ ಹ್ಯಾಂಡ್ ಮೋಪೆಡ್ ಒಂದು ಬಂದಿದೆ, ತೋಟಕ್ಕೆ ಅದರಲ್ಲೇ. ಗೋಡೆಯ ಮೇಲಿನ ಹನ್ನೊಂದು ನಟ್ಟಿನ ಪಟ್ಟಿ ಹರಿದು ಹೋಯಿತು. ಕರಿ ಸೈಕಲ್ಲಿಗೆ ಸಾಬ್ರು ಹೊಸದಾಗಿ ನಲವತ್ತು ಕಡ್ಡಿ ಕಟ್ಟಿಕೊಟ್ಟರು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು, ಆ ಸಮದಟ್ಟು ದಾರಿಯಲ್ಲಿ, ಅಪ್ಪ ಈಗಲೂ ಅದನ್ನೇ ತುಳಿಯುತ್ತಾರೆ.

ಗೆಳೆಯಾ, ನಿನ್ನ ಮಾವನಿಗೆ ಏನು ಕೊಡಿಸಬೇಕು ಅಂತ ಈಗ ಗೊತ್ತಾಯ್ತಲ್ಲ?

ನಿಮ್ಮ ಮನೆಯಲ್ಲೂ ಲೂನಾ, ಟಿವಿಎಸ್ ಇತ್ತಾ? ಯಾರಾದರೂ ಈ ಕಿಟ್ ಹಾಕಿ ಗೆದ್ದಿದ್ದೀರಾ? ಇದ್ದರೆ ಬರೆಯಿರಿ, ನನ್ನ ಅಭಿಪ್ರಾಯ ಬದಲಾಗಲೂಬಹುದು. ಬರೆಯುವ ಮುಂಚೆ ಒಂದು ಸಾರಿ ನಟ್ಟು ಬಿಗಿದು ಬನ್ನಿ :)