ಚಕ್ರ ಬದಲಾಯಿತು, ಗಾಳಿ ಎಷ್ಟು?

ಮಗ ಹಟ ಹಿಡಿದು ಕಾರಿಗೆ ಅಲಾಯ್ ಚಕ್ರ ಹಾಕಿಸಿದ್ದಾನೆ. 15 ಇಂಚಿನ ರಿಮ್ ಹೋಗಿ 16 ಇಂಚಿನದು ಬಂದಿದೆ. ಪೆಟ್ರೋಲ್ ಬಂಕಿನ ಹುಡುಗ 'ಎಷ್ಟು ಹಾಕ್ಲಿ ಸಾರ್?' ಎಂದಾಗ ಅಪ್ಪ ಮಗನ ಮುಖ ನೋಡುತ್ತಾರೆ, ಮಗ ಟೈರಿನ ಮುಖ ನೋಡುತ್ತಾನೆ. ಟೈರಿನ ಪಕ್ಕೆಯ ಮೇಲೆ 51 ಪಿಎಸ್‌ಐ ಎಂದು ಅಚ್ಚಾಗಿದೆ. ಅಷ್ಟೇ ಹಾಕಿಬಿಡಿ ಎನ್ನುವ ಧಾರಾಳಿಗಳೂ ಇದ್ದಾರೆ!

ಅದು ಟೈರು ತಡೆಯಬಲ್ಲ ಗರಿಷ್ಠ ಒತ್ತಡ, ಹಾಕಬೇಕಾದ ಒತ್ತಡ ಅಲ್ಲ. ಹಾಕಬೇಕಾದದ್ದು ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿರುತ್ತದೆ. ತೊಡಕು ಎಂದರೆ, ಆ ಚೀಟಿ ಬರೆದದ್ದು ಹಳೆಯ ಟೈರಿಗೆ.

ಕಾರನ್ನು ಹೊರುವುದು ರಬ್ಬರಿಗಿಂತ ಹೆಚ್ಚಾಗಿ ಒಳಗಿನ ಗಾಳಿ. ವಿದ್ಯಾರ್ಥಿಗಳು ಇದನ್ನು ಮನೆಯ ಸೈಕಲ್ಲಿನಲ್ಲೇ ನೋಡಬಹುದು. ಹಿಂದಿನ ಟೈರಿಗೆ ಮಸಿ ಬಳಿದು, ಗ್ರಾಫ್ ಹಾಳೆಯ ಮೇಲೆ ನಿಲ್ಲಿಸಿ, ತಮ್ಮನನ್ನು ಕೂರಿಸಿ. ಆ ಚಕ್ರದ ಮೇಲೆ 50 ಕಿಲೋ ಭಾರ ಬಿದ್ದು, ಗಾಳಿ 40 ಪಿಎಸ್‌ಐ (ಚದರ ಸೆಂಟಿಮೀಟರಿಗೆ ಸುಮಾರು 2.8 ಕಿಲೋ) ಇದ್ದರೆ ಗುರುತು ಹತ್ತಿರ ಹತ್ತಿರ 18 ಚದರ ಸೆಂಟಿಮೀಟರ್ ಬರಬೇಕು. ಗಾಳಿ ಅರ್ಧಕ್ಕಿಳಿಸಿದರೆ ಗುರುತು ಹೆಚ್ಚುಕಡಿಮೆ ದುಪ್ಪಟ್ಟು. ಟೈರು ಅಷ್ಟು ಚಪ್ಪಟೆಯಾಗಿ, ಪಕ್ಕೆಗಳು ಅಷ್ಟು ಬಾಗುತ್ತವೆ. ಬಾಗಿದಷ್ಟೂ ಬಿಸಿ.

ಈಗ ಕಾರಿಗೆ ಬನ್ನಿ. ಹಳೆಯದು 185/65 ಆರ್15, ಹೊಸದು 195/55 ಆರ್16 ಎನ್ನೋಣ. ಎರಡರ ಹೊರವ್ಯಾಸವೂ ಸುಮಾರು 621 ಮಿ.ಮೀ. ರಿಮ್ ಬೆಳೆದಿದೆ, ಪಕ್ಕೆ ಗಿಡ್ಡವಾಗಿದೆ, ಗಾಳಿಗೆ ಜಾಗ ಕಡಿಮೆಯಾಗಿದೆ. ಅಳತೆಯ ಪಕ್ಕದಲ್ಲೇ ಇರುವ ಭಾರದ ಸಂಖ್ಯೆ ಓದಿ. 88 ಎಂದರೆ 560 ಕಿಲೋ, 87 ಎಂದರೆ 545. ಸಾಮಾನ್ಯ ಟೈರು ಇಷ್ಟು ಹೊರುವುದು 36 ಪಿಎಸ್‌ಐನಲ್ಲಿ. ಟೈರಿನ ಮೇಲೆ 'ಎಕ್ಸ್‌ಎಲ್' ಎಂದಿದ್ದರೆ 42ರಲ್ಲಿ. ಒತ್ತಡ ಇಳಿದರೆ ಹೊರುವ ಶಕ್ತಿಯೂ ಇಳಿಯುತ್ತದೆ. ಯುರೋಪಿನ ಮಾನದಂಡದ ಟೈರುಗಳಲ್ಲಿ ಅದು ಒತ್ತಡದ 0.8ನೇ ಘಾತಕ್ಕೆ ಅನುಗುಣ. ಕ್ಯಾಲ್ಕುಲೇಟರ್ ಹಿಡಿದು ಮಾಡಿ ನೋಡಿ: ಚೀಟಿಯ 32ರಲ್ಲಿ ಹಳೆಯ ಟೈರು ಸುಮಾರು 510 ಕಿಲೋ ಹೊರುತ್ತಿತ್ತು. ಹೊಸದು ಅಷ್ಟೇ ಹೊರಲು 33 ಬೇಕು.

ಒಂದು ಪೌಂಡಿಗೆ ಇಷ್ಟೊಂದು ಲೆಕ್ಕವೇ ಎನ್ನಬೇಡಿ. ಅಂದಕ್ಕೆ ಮರುಳಾಗಿ ಭಾರಸಂಖ್ಯೆ 82ರ ಟೈರು ತಂದಿದ್ದರೆ ಅದು 36ರಲ್ಲೂ 475 ಕಿಲೋ ಮಾತ್ರ ಹೊರುತ್ತದೆ. ಗಾಳಿ ತುಂಬಿ ಆ ಕೊರತೆ ನೀಗದು. ಆ ಟೈರನ್ನು ವಾಪಸು ಕೊಡುವುದೇ ಸರಿ.

ಅಮೆರಿಕದಲ್ಲಿ 2000ನೇ ಇಸವಿಯ ಆಸುಪಾಸಿನ ವರ್ಷಗಳಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಡುವಾಗಲೇ ಕಿತ್ತುಬಂದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಟೈರಿನಲ್ಲೇ ದೋಷವಿತ್ತು, ನಿಜ. ಆದರೆ ಎರಡು ಕಂಪನಿಗಳ ಜಗಳದಲ್ಲಿ ಒಂದು ಮುಖ್ಯ ಅಂಶ ಗಾಳಿಯದು: ಫೋರ್ಡ್ ಹೇಳಿದ್ದು 26 ಪಿಎಸ್‌ಐ, ಫೈರ್‌ಸ್ಟೋನ್ ಕೇಳಿದ್ದು 30. ಗಾಳಿ ಕಡಿಮೆ, ಬಿಸಿಲು ಜೋರು, ಗಾಡಿ ತುಂಬ ಸಾಮಾನು. ನಮ್ಮಲ್ಲಿ ಬೇಸಿಗೆ ರಜೆಯಲ್ಲಿ ಅಜ್ಜಿ, ಮೊಮ್ಮಕ್ಕಳು, ಉಪ್ಪಿನಕಾಯಿ ಜಾಡಿ ಸಮೇತ ಊರಿಗೆ ಹೊರಡುವ ಕಾರೂ ಹಾಗೆಯೇ ಇರುತ್ತದೆ. ತುಂಬಿದ ಗಾಡಿಗೆ ಚೀಟಿಯಲ್ಲಿ ಬೇರೆಯೇ ಅಂಕಿ ಇರುವುದುಂಟು. ಅದಕ್ಕೂ ಇದೇ ಲೆಕ್ಕ ಮಾಡಿಕೊಳ್ಳಿ.

ಗಾಳಿ ನೋಡಿಸುವುದು ಬೆಳಿಗ್ಗೆ, ಗಾಡಿ ಓಡುವ ಮೊದಲು. ಟೈರು ಐದಾರು ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು ಒಂದು ಪೌಂಡ್ ಏರುತ್ತದೆ. ಮಧ್ಯಾಹ್ನ ರಾಯಚೂರು ತಲುಪಿದಾಗ 37 ತೋರಿಸಿತೆಂದು ಗಾಬರಿಯಿಂದ ಗಾಳಿ ಬಿಡಬೇಡಿ. ಇನ್ನು ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿ ಹಳೆಯ ಅಳತೆಯದೇ ಆಗಿದ್ದರೆ, ಅದಕ್ಕೆ ಚೀಟಿಯ ಹಳೆಯ ಅಂಕಿಯೇ ಸರಿ.