ಉಮ್ಮನ ವಿಮೆ ನವೀಕರಿಸುವ ಮುನ್ನ

ಉಮ್ಮನ ಆರೋಗ್ಯ ವಿಮೆಯ ನವೀಕರಣ ಪತ್ರ ಬಂದಾಗ ಪ್ರೀಮಿಯಂ ಎಷ್ಟು ಏರಿದೆ ಎಂದಷ್ಟೇ ನೋಡಿ ಹಣ ಕಟ್ಟಿಬಿಡುತ್ತೀರಾ? ಅವರ ಬಳಿ ಕುಳಿತು ಪಾಲಿಸಿಯನ್ನು ಒಮ್ಮೆ ಪೂರ್ತಿ ಓದಿ. ‘ಕೋ-ಪೇ’ ಶೇ. 20 ಎಂದಿದ್ದರೆ ಒಂದು ಲಕ್ಷದ ಕ್ಲೇಮಿನಲ್ಲಿ 20 ಸಾವಿರ ನಿಮ್ಮ ಕೈಯಿಂದಲೇ ಹೋಗುತ್ತದೆ.

ಕಂಪೆನಿ ಬದಲಿಸುವುದಾದರೆ ಅವಧಿ ಮುಗಿಯಲು ಒಂದೂವರೆ ತಿಂಗಳಿರುವಾಗಲೇ ‘ಪೋರ್ಟಬಿಲಿಟಿ’ ಅರ್ಜಿ ಕೊಡಿ. ಹಳೆಯ ಕಾಯಿಲೆಗಳಿಗಾಗಿ ಕಾದ ವರ್ಷಗಳು ಹಳೆಯ ವಿಮಾ ಮೊತ್ತದ ಮಟ್ಟಿಗೆ ಅಲ್ಲಿಯೂ ಲೆಕ್ಕಕ್ಕೆ ಬರುತ್ತವೆ. ಬೇರೆಯೇ ಪಾಲಿಸಿ ಕೊಂಡರೆ ಮತ್ತೆ ಮೊದಲಿನಿಂದ ಕಾಯಬೇಕು. 2024ರ ನಿಯಮದಂತೆ ಅದು ಮೂರು ವರ್ಷದವರೆಗೂ ಇರಬಹುದು. ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಬರೆಯುವುದು ಬೇಡ ಎನ್ನುವ ಏಜೆಂಟರೂ ಇದ್ದಾರೆ. ಕೇಳಬೇಡಿ, ಕ್ಲೇಮ್ ತಿರಸ್ಕೃತವಾದ ದಿನ ಅವರು ಫೋನ್ ಎತ್ತುವುದಿಲ್ಲ. ಹೊಸ ಕಂಪೆನಿ ಒಪ್ಪುವ ತನಕ ಹಳೆಯ ಪಾಲಿಸಿಯನ್ನು ಮಾತ್ರ ಬಿಡಬೇಡಿ.